ಗುದ್ದಿದವಳೇ ನೋಡಲು ಬಂದಳು

"ಅಯ್ಯಯ್ಯೋ, ಸತ್ತೇ ಹೋದ್ರೇನೋ!"

ಬೈಕಿನಿಂದ ಎಗರಿ ರಸ್ತೆಯ ಮೇಲೆ ಅಂಗಾತ ಬಿದ್ದಿದ್ದ ಅವನ ಕಿವಿಗೆ ಮೊದಲು ಬಿದ್ದ ಮಾತು ಇದು. ಹುಟ್ಟೂರಿನಿಂದ ಸಮುದ್ರದಾಚೆಗಿರುವ ಈ ಊರಿನ ನಡುಬೀದಿಯಲ್ಲಿ ಕನ್ನಡ ಕೇಳಿಸುತ್ತಿದೆ ಎಂದರೆ ತಾನು ಸತ್ತಿರುವುದೇ ನಿಜವಿರಬೇಕು, ಮೇಲಿನವರು ಅವರವರ ಭಾಷೆಯಲ್ಲೇ ಬರಮಾಡಿಕೊಳ್ಳುತ್ತಾರೇನೋ ಎಂದುಕೊಂಡ.

"ಇಲ್ಲ," ಎಂದ ಹೆಲ್ಮೆಟ್ಟಿನೊಳಗಿಂದ. "ಇನ್ನೂ ಇಲ್ಲ."

ಮೇಲೆ ಬಗ್ಗಿದ್ದ ಮುಖ ಬೆಚ್ಚಿಬಿದ್ದಿತು. ಎರಡು ದೊಡ್ಡ ಕಣ್ಣು, ಹಣೆಗೆ ಅಂಟಿದ ಕೂದಲು, ಎಡಗೆನ್ನೆಯ ಮೇಲೆ ಅಂಗೈಯಗಲ ಏನೋ ಬೆಳ್ಳಗೆ.

"ಕನ್ನಡದವರಾ? ದೇವರೇ! ಇರಿ, ಹೆಲ್ಮೆಟ್ ತೆಗೀತೀನಿ, ಸ್ವಲ್ಪ ಗಾಳಿಯಾಡ್ಲಿ."

"ಮುಟ್ಟಬೇಡಿ! ಕುತ್ತಿಗೆಗೇನಾದ್ರೂ ಆಗಿದ್ರೆ ಕಷ್ಟ. ಆಂಬುಲೆನ್ಸ್‌ನವರು ಬಂದು ತೆಗೀತಾರೆ."

"ಹಾಗಾದ್ರೆ ನಾನೇನ್ ಮಾಡ್ಲಿ?"

"ಆಂಬುಲೆನ್ಸ್ ಕರೀರಿ."

ಅವಳು ಫೋನ್ ಮಾಡಿದಳು. ಆಮೇಲೆ ಡಾಂಬರಿನ ಮೇಲೆ ಅವನ ಪಕ್ಕದಲ್ಲೇ ಕುಳಿತು ಅವನ ಕೈ ಹಿಡಿದುಕೊಂಡಳು. ಎಡಗಾಲಿನಲ್ಲಿ ಬೆಂಕಿ ಹತ್ತಿದಂತಿತ್ತು. ಅವಳ ಕೈ ಮಾತ್ರ ತಣ್ಣಗಿತ್ತು.

"ಕಣ್ಣು ಮುಚ್ಚಬೇಡಿ. ಏನಾದ್ರೂ ಮಾತಾಡಿ," ಎಂದಳು.

"ನಿಮ್ಮ ಕೆನ್ನೆ ಮೇಲೆ ಅದೇನು ಬೆಳ್ಳಗೆ?"

"ಕ್ರೀಮು. ಮದುವೆ ಕೇಕು. ಬ್ರೇಕ್ ಹಾಕಿದ ರಭಸಕ್ಕೆ ಹಿಂದಿನ ಸೀಟಿಂದ ಹಾರಿ ಬಂತು." ಅವಳ ತುಟಿ ಅದುರಿತು. "ತಿರುಗಿಸೋವಾಗ ನಾನು ನೋಡ್ದೆ ಕಣ್ರೀ. ಎರಡೂ ಕಡೆ ನೋಡ್ದೆ. ನೀವು ಕಾಣಲೇ ಇಲ್ಲ."

ತನ್ನನ್ನು ಗುದ್ದಿದವಳೇ ಇವಳು ಎಂದು ಅವನಿಗೆ ಹೊಳೆದದ್ದು ಆಗ. ಸಿಟ್ಟು ಬರಬೇಕಿತ್ತು. ಆದರೆ ಕೆನ್ನೆಯ ಮೇಲೆ ಕ್ರೀಮು ಮೆತ್ತಿಕೊಂಡು ಗಳಗಳ ಅಳುವ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಅವನಿಗೆ ಅದಿರಲಿಲ್ಲ.

*

ಅವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವನು. ಅಕ್ಕ ಭಾವನ ಜೊತೆ ಮೂರನೇ ಮಹಡಿಯ ಮನೆಯಲ್ಲಿ ಇದ್ದ. ಭಾವ ಲಿಫ್ಟ್ ರಿಪೇರಿ ಮಾಡುವವರು, ಆದರೆ ಅವರಿದ್ದ ಕಟ್ಟಡದಲ್ಲೇ ಲಿಫ್ಟ್ ಇರಲಿಲ್ಲ. ಅಕ್ಕ ಬಟ್ಟೆ ಅಂಗಡಿಯೊಂದರಲ್ಲಿ ಹೊಲಿಗೆ ಬಿಚ್ಚಿ ಅಳತೆಗೆ ಸರಿಮಾಡಿಕೊಡುತ್ತಿದ್ದಳು. ಮಾತಿನಲ್ಲೂ ಹಾಗೇ, ಯಾರ ಹೊಲಿಗೆಯನ್ನೂ ಬಿಚ್ಚದೆ ಬಿಟ್ಟವಳಲ್ಲ.

ಮೊಣಕಾಲಿನ ಕೆಳಗೆ ಎರಡು ಮೂಳೆ ಮುರಿದಿದ್ದವು. ಒಳಗೆ ಲೋಹದ ಸರಳು ಕೂರಿಸಿ ಹೊಲಿದಿದ್ದರು. ಹೆಲ್ಮೆಟ್ಟು ಸೀಳಿಹೋಗಿತ್ತು, ತಲೆಗೆ ಒಂದು ಗೀರೂ ಇರಲಿಲ್ಲ. "ಹೆಲ್ಮೆಟ್ ಇಲ್ಲದಿದ್ರೆ ನಾವು ಬೇರೆ ಥರ ಮಾತಾಡ್ತಿದ್ವಿ," ಎಂದು ಡಾಕ್ಟರು ಹೇಳಿದ ಮೇಲೆ ಅಕ್ಕ ಆ ಸೀಳಿದ ಹೆಲ್ಮೆಟ್ಟನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯ ಕುರ್ಚಿಯಲ್ಲಿ ಕೂತಿದ್ದಳು.

"ಆ ಡ್ರೈವರ್ ನನ್ನ ಕೈಗೆ ಸಿಗ್ಲಿ," ಎನ್ನುತ್ತಿದ್ದಳು. "ಅವನ ಕಣ್ಣನ್ನ ಕಿತ್ತು ಕೈಗೆ ಕೊಡ್ತೀನಿ. ಹೇಗಿದ್ರೂ ಅವನಿಗೆ ಅದರ ಉಪಯೋಗ ಇಲ್ಲ."

ಡ್ರೈವರ್ ಅಂದರೆ ಗಂಡಸೇ ಎಂದು ಅಕ್ಕ ತೀರ್ಮಾನಿಸಿಬಿಟ್ಟಿದ್ದಳು. ಭಾವ ಕಿಟಕಿಯಾಚೆ ನೋಡುತ್ತ ಸುಮ್ಮನಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಕೇಕಿನ ಡಬ್ಬ ಕಾಣಿಸಿತು. ಡಬ್ಬದ ಮೇಲೆ ಎರಡು ದೊಡ್ಡ ಕಣ್ಣುಗಳಿದ್ದವು. ಇವತ್ತು ಕೆನ್ನೆ ಸ್ವಚ್ಛವಾಗಿತ್ತು, ಅದರ ಮೇಲೊಂದು ಸಣ್ಣ ಮಚ್ಚೆ ಇರುವುದು ಅವನಿಗೆ ಈಗ ಗೊತ್ತಾಯಿತು. ಕಣ್ಣು ಪರೀಕ್ಷಿಸುವವನು ಮಚ್ಚೆ ನೋಡುತ್ತ ಕೂರಬಾರದು ಎಂದು ತನಗೆ ತಾನೇ ಹೇಳಿಕೊಂಡು ಇನ್ನೊಮ್ಮೆ ನೋಡಿದ.

"ಯಾರಮ್ಮಾ?" ಎಂದಳು ಅಕ್ಕ.

ಹುಡುಗಿ ಉಸಿರೆಳೆದುಕೊಂಡಳು. ನಿಜ ಹೇಳಲೆಂದೇ ಬಂದವಳ ಉಸಿರು ಅದು. ಅಕ್ಕನ ಕೈಯಲ್ಲಿ ಹೆಲ್ಮೆಟ್ಟು ಇತ್ತು. ಎಸೆದರೆ ತಾಗದಿರುವಷ್ಟು ದೂರವೂ ಇರಲಿಲ್ಲ.

"ಅಕ್ಕಾ, ಆಂಬುಲೆನ್ಸ್ ಕರೆದಿದ್ದು ಇವರೇ!" ಎಂದು ಅವನು ಮಲಗಿದಲ್ಲಿಂದಲೇ ಕೂಗಿದ. "ಅದು ಬರೋವರೆಗೂ ನನ್ನ ಕೈ ಹಿಡ್ಕೊಂಡು ಕೂತಿದ್ರು."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಕ್ಕ ಎದ್ದು ಹೋಗಿ ಹುಡುಗಿಯನ್ನು ಬಿಗಿಯಾಗಿ ತಬ್ಬಿಕೊಂಡಳು. "ನಮ್ಮ ಪಾಲಿಗೆ ನೀನೇ ದೇವರು ಕಣಮ್ಮಾ." ಹುಡುಗಿ ಅಕ್ಕನ ಹೆಗಲ ಮೇಲೆ ಬಿಕ್ಕಿಬಿಕ್ಕಿ ಅತ್ತಳು.

"ನೋಡ್ರೀ, ಎಂಥ ಮೃದು ಮನಸ್ಸು!" ಎಂದಳು ಅಕ್ಕ ಗಂಡನಿಗೆ.

"ಹೂಂ," ಎಂದು ಭಾವ ಡಬ್ಬದ ಮುಚ್ಚಳ ತೆಗೆದರು.

ಅಕ್ಕ ನರ್ಸನ್ನು ಹುಡುಕಿಕೊಂಡು ಹೋದಾಗ ಹುಡುಗಿ ಹಾಸಿಗೆಯ ಹತ್ತಿರ ಬಂದು ಪಿಸುಗುಟ್ಟಿದಳು. "ಯಾಕ್ರೀ ಹಾಗೆ ಹೇಳಿದ್ರಿ? ಪೊಲೀಸರಿಗೇ ನಾನು ಎಲ್ಲ ಹೇಳಿದೀನಿ. ತಪ್ಪು ನಂದು, ಒಪ್ಕೊಂಡಿದೀನಿ."

"ಪೊಲೀಸರ ಹತ್ರ ಒಪ್ಕೋಬಹುದು. ನಮ್ಮಕ್ಕನ ಹತ್ರ ಆಗಲ್ಲ."

"ಹಾಗಾದ್ರೆ ಯಾವಾಗ ಹೇಳೋದು?"

"ನಾನು ಎದ್ದು ಓಡೋ ಹಾಗಾದ್ಮೇಲೆ. ಈಗ ಹೇಳಿದ್ರೆ ನೀವೊಬ್ರೇ ಓಡಬೇಕಾಗತ್ತೆ."

ಅವಳಿಗೆ ನಗು ಬಂತು. ತಡೆಯಲು ಕೆಳತುಟಿ ಕಚ್ಚಿಕೊಂಡಳು. ನಗು ಕಣ್ಣಿನಿಂದ ತಪ್ಪಿಸಿಕೊಂಡಿತು. ಅಕ್ಕನಿಗೆ ನಿಜ ತಿಳಿದರೆ ಇವಳು ನಾಳೆಯಿಂದ ಬರುವುದಿಲ್ಲ ಎಂಬ ಇನ್ನೊಂದು ಕಾರಣವನ್ನು ಅವನು ಹೇಳಲಿಲ್ಲ.

*

ಅವನು ಮನೆಗೆ ಬಂದ. ಭಾವ ಮತ್ತು ಅವರ ಜೊತೆ ಕೆಲಸ ಮಾಡುವ ಇಬ್ಬರು ಸೇರಿ ಅವನನ್ನು ಕುರ್ಚಿಯ ಸಮೇತ ಮೂರು ಮಹಡಿ ಹೊತ್ತು ತಂದರು. "ದಿನಾ ಲಿಫ್ಟ್ ರಿಪೇರಿ ಮಾಡೋ ನಾವೇ ಇವತ್ತು ಲಿಫ್ಟ್ ಆದ್ವಲ್ಲಯ್ಯಾ," ಎಂದು ಭಾವ ಏದುಸಿರು ಬಿಟ್ಟರು.

ನಡುಮನೆಯ ಸೋಫಾ ಅವನ ಲೋಕವಾಯಿತು. ಕಾಲ್ಬೆರಳುಗಳಿಂದ ನೆಲದ ಟವೆಲನ್ನು ಮುದುಡಿ ಎಳೆಯಬೇಕು, ರಬ್ಬರ್ ಪಟ್ಟಿಗೆ ಪಾದ ಸಿಕ್ಕಿಸಿ ಒತ್ತಬೇಕು, ಹೀಗೆ ವ್ಯಾಯಾಮಗಳಿದ್ದವು. ಅಕ್ಕ ಹೇಳಿದರೆ ನೋವು ಎನ್ನುತ್ತಿದ್ದ. ಕೇಕಿನ ಹುಡುಗಿ ಬಂದ ಸಂಜೆ ಮಾತ್ರ ಟವೆಲು ತಾನಾಗಿಯೇ ಓಡಿಬರುವಂತೆ ಎಳೆಯುತ್ತಿದ್ದ.

"ನೀನು ದಿನಾ ಬಾಮ್ಮ," ಎಂದಳು ಅಕ್ಕ. "ನಿನ್ನ ನೋಡಿದ್ರೆ ಇವನ ಕಾಲು ತಾನೇ ಅಲ್ಲಾಡತ್ತೆ."

ಅವಳು ಬರುತ್ತಿದ್ದಳು, ತಾನೇ ಬೇಯಿಸಿ ಮಾರುವ ಕೇಕಿನಂಗಡಿಯಿಂದ ನೇರವಾಗಿ. ಒಂದು ದಿನ ಪಕ್ಕ ಕುಸಿದ ಕೇಕು, ಇನ್ನೊಂದು ದಿನ ಹೆಸರು ತಪ್ಪಾಗಿ ಬರೆದ ಕೇಕು. ಮಾರಲಾಗದ ಕೇಕುಗಳೆಲ್ಲ ಭಾವನ ಹೊಟ್ಟೆ ಸೇರಿದವು. ಅಕ್ಕ ಚಹಾ ಲೋಟ ಅವಳ ಕೈಗಿತ್ತು ಎಂದಿನ ಮಾತು ತೆಗೆಯುತ್ತಿದ್ದಳು.

"ಆ ಡ್ರೈವರ್ ಇದಾನಲ್ಲ, ಅವನ ಕಾರಿನ ನಾಲ್ಕು ಟೈರೂ ಒಟ್ಟಿಗೆ ಪಂಕ್ಚರ್ ಆಗ್ಲಿ."

"ಆಗ್ಲಿ ಅಕ್ಕಾ," ಎನ್ನುತ್ತಿದ್ದಳು ಹುಡುಗಿ ಲೋಟದೊಳಗೆ ನೋಡುತ್ತ.

"ಅವನು ಬೇಯಿಸಿದ್ದೆಲ್ಲ ಸೀದುಹೋಗ್ಲಿ."

"ಅದು ಸ್ವಲ್ಪ ಜಾಸ್ತಿ ಆಯ್ತು ಅಕ್ಕಾ," ಎಂದು ಅವನು ನಡುವೆ ಬಾಯಿ ಹಾಕಿದ. ಹುಡುಗಿ ಲೋಟದ ಅಂಚಿನ ಮೇಲಿಂದ ಅವನತ್ತ ಒಂದು ನೋಟ ಎಸೆದಳು. ಅರ್ಧ ಬೈಗುಳ, ಅರ್ಧ ಬೇರೇನೋ. ಆ ಬೇರೇನೋ ಏನೆಂದು ಯೋಚಿಸುತ್ತ ಅವನು ಇಡೀ ಮರುದಿನ ಕಳೆದ.

ಒಂದು ಸಂಜೆ ಅವಳು ಬಂದಾಗ ಮೊಣಕೈ ತನಕ ಗುಲಾಬಿ ಬಣ್ಣದ ಕ್ರೀಮು.

"ಇದೇನ್ರೀ ಅವತಾರ?"

"ಬಸ್ಸಲ್ಲಿ ಕೇಕ್ ತಗೊಂಡು ಹೋಗ್ತಿದ್ದೆ, ತೊಡೆ ಮೇಲಿಟ್ಕೊಂಡು. ಪಕ್ಕದ ಸೀಟಿನವರು ತೂಕಡಿಸ್ತಾ ತೂಕಡಿಸ್ತಾ ಅದರ ಮೇಲೇ ತಲೆ ಇಟ್ರು."

ಅವನು ಹೊಟ್ಟೆ ಹುಣ್ಣಾಗುವಂತೆ ನಕ್ಕ. ಅವಳೂ ನಕ್ಕಳು. ಆಮೇಲೆ ಅವನಿಗೆ ಏನೋ ಹೊಳೆದು ನಗು ನಿಂತಿತು.

"ಕಾರು?"

ಅವಳು ತಲೆ ತಗ್ಗಿಸಿದಳು. "ಅವತ್ತಿಂದ ಮುಟ್ಟಿಲ್ಲ. ಸ್ಟಿಯರಿಂಗ್ ಹಿಡಿದ್ರೆ ಆ ಸದ್ದು ಕೇಳತ್ತೆ."

ಮೂಳೆ ಮುರಿದದ್ದು ತನ್ನೊಬ್ಬನದು, ಆದರೆ ಪೆಟ್ಟು ಬಿದ್ದದ್ದು ಇಬ್ಬರಿಗೂ ಎಂದು ಅವನಿಗೆ ಆಗ ಅರ್ಥವಾಯಿತು.

*

ಊರುಗೋಲು ಹಿಡಿದು ಕೆಲಸಕ್ಕೆ ಹೋಗಲು ಶುರು ಮಾಡಿದ ವಾರದಲ್ಲೇ ಅವಳು ಅಂಗಡಿಗೆ ಬಂದಳು. ಮುಖ ಗಂಭೀರವಾಗಿತ್ತು.

"ನನ್ನ ಕಣ್ಣು ನೋಡಿ. ಸರಿಯಾಗಿ ನೋಡಿ. ಏನಿದ್ರೂ ಮುಚ್ಚಿಡಬೇಡಿ."

ಅವನು ಪರೀಕ್ಷೆಯ ಕೋಣೆಯ ದೀಪ ಮಂಕಾಗಿಸಿದ. ಯಂತ್ರದ ಪಟ್ಟಿಯ ಮೇಲೆ ಗಲ್ಲ ಇಡಲು ಹೇಳಿದ. ಗಾಜಿನ ಆಚೆಗೆ ಅವಳ ಕಣ್ಣು ಕೆರೆಯಷ್ಟು ದೊಡ್ಡದಾಗಿ ತೆರೆದುಕೊಂಡಿತು. ಕಂದು ಬಣ್ಣದ ನಡುವೆ ಜೇನಿನಂಥ ಗೆರೆಗಳು. ದಿನಕ್ಕೆ ಹತ್ತಾರು ಕಣ್ಣು ನೋಡುವವನು ಅವನು. ಇವತ್ತು ಉಸಿರು ಬಿಡುವುದನ್ನೇ ಮರೆತು, ಆಮೇಲೆ ಒಮ್ಮೆಲೇ ಬಿಟ್ಟು ಗಾಜಿನ ಮೇಲೆ ಆವಿ ಕಟ್ಟಿಸಿದ.

"ಏನಾದ್ರೂ ದೋಷ ಇದೆಯಾ?"

"ಇನ್ನೂ... ನೋಡ್ತಾ ಇದೀನಿ."

"ಆಗ್ಲಿಂದ ಒಂದೇ ಕಣ್ಣು ನೋಡ್ತಾ ಇದೀರಿ."

ಅವನು ಕೆಮ್ಮಿ ಇನ್ನೊಂದು ಕಣ್ಣಿಗೆ ಹೋದ. ಆಮೇಲೆ ಗಾಜುಗಳನ್ನು ಬದಲಿಸುತ್ತ, "ಮೊದಲನೇದು ಚೆನ್ನಾಗಿ ಕಾಣತ್ತಾ, ಎರಡನೇದಾ?" ಎಂದು ಕೇಳುತ್ತ ಹೋದ.

"ಎರಡೂ ಒಂದೇ ಥರ ಇದೆ. ನಿಮ್ಮ ಕೈ ಮಾತ್ರ ನಡುಗ್ತಾ ಇದೆ."

"ಕಾಲು ನೋವು," ಎಂದ.

ಪಕ್ಕದ ನೋಟವನ್ನೂ ಪರೀಕ್ಷಿಸಿದ. ಕಿವಿಯ ಹತ್ತಿರ ಬೆರಳಾಡಿಸಿದರೂ ಅವಳಿಗೆ ಕಾಣುತ್ತಿತ್ತು. ಎಲ್ಲ ಮುಗಿಸಿ ದೀಪ ಹಾಕಿದ. "ನಿಮ್ಮ ಕಣ್ಣಲ್ಲಿ ಒಂದೇ ಒಂದು ತಪ್ಪಿಲ್ಲ."

ಸಂತೋಷಪಡುತ್ತಾಳೆ ಎಂದುಕೊಂಡಿದ್ದ. ಅವಳ ಕಣ್ಣು ತುಂಬಿತು. "ತಪ್ಪಿದ್ದಿದ್ರೆ ಚೆನ್ನಾಗಿತ್ತು. ಕನ್ನಡಕ ಹಾಕ್ಕೊಂಡು ಸರಿ ಮಾಡ್ಕೋತಿದ್ದೆ. ಕಣ್ಣು ಸರಿಯಿದ್ದೂ ಒಬ್ಬ ಮನುಷ್ಯ ಕಾಣದೇ ಹೋದ ಅಂದ್ರೆ, ನಾನೆಂಥವಳು?"

ಅವನು ಊರುಗೋಲು ತೆಗೆದುಕೊಂಡ. "ನಿಮ್ಮ ಕಾರೆಲ್ಲಿದೆ?"

ಅವಳ ಕೇಕಿನಂಗಡಿ ಎರಡು ಬೀದಿಯಾಚೆ. ಹಿಂದಿನ ಅಂಗಳದಲ್ಲಿ ಕಾರು ಧೂಳು ಹಿಡಿದು ನಿಂತಿತ್ತು. ಒಂದು ದೀಪ ಒಡೆದು, ಮೂತಿ ಒಳಗೆ ಹೋಗಿತ್ತು. ಅವನು ಅವಳನ್ನು ಚಾಲಕರ ಸೀಟಿನಲ್ಲಿ ಕೂರಿಸಿ, ತಾನು ಕುಂಟುತ್ತ ದೂರ ಹೋಗಿ ನಿಂತ.

"ಕಾಣ್ತಿದೀನಾ?"

"ಕಾಣ್ತಿದೀರಿ."

ನಾಲ್ಕು ಹೆಜ್ಜೆ ಓರೆಯಾಗಿ ನಡೆದ. "ಈಗ?"

"ಎಲ್ಲಿದೀರಿ?"

"ಇಲ್ಲೇ ಇದೀನಿ! ಮುಂದಿನ ಗಾಜಿನ ಪಕ್ಕ ದಪ್ಪ ಕಂಬ ಇದೆಯಲ್ಲ, ಅದರ ಹಿಂದೆ. ಇಡೀ ಮನುಷ್ಯನೇ ಅಡಗ್ತಾನೆ, ಬೈಕೂ ಅಡಗತ್ತೆ. ತಿರುಗಿಸೋ ಮೊದಲು ಸ್ವಲ್ಪ ಮುಂದಕ್ಕೆ ಬಗ್ಗಿ, ಆಮೇಲೆ ಹಿಂದಕ್ಕೆ ಒರಗಿ, ಎರಡು ಸಲ ನೋಡಬೇಕು."

ಅವಳು ಬಗ್ಗಿದಳು. "ಹಾಂ! ಸಿಕ್ಕಿದ್ರಿ!"

"ಅದೂ ಅಲ್ದೆ, ಅವತ್ತು ನನ್ನ ಜಾಕೆಟ್ಟು ಕಪ್ಪು, ಬೈಕು ಕಪ್ಪು, ಮೋಡಾನೂ ಕಪ್ಪು. ಸ್ಟೈಲ್ ಮಾಡಕ್ಕೆ ಹೋಗಿ ಎಲ್ಲಾ ಕಪ್ಪು ಕೊಂಡಿದ್ದೆ. ಬೂಟಿಲ್ಲ, ಬಟ್ಟೆಯ ಚಪ್ಪಲಿ. ಜೊತೆಗೆ ಕೂಡುರಸ್ತೆ ಹತ್ರ ಸ್ಪೀಡ್ ಕಮ್ಮಿ ಮಾಡಿರಲಿಲ್ಲ. ಎಲ್ಲಾ ಭಾರಾನೂ ನೀವೊಬ್ರೇ ಹೊತ್ಕೋಬೇಡಿ."

ಅವಳು ಕಿಟಕಿಯ ಮೇಲೆ ಗಲ್ಲವಿಟ್ಟು ಅವನನ್ನೇ ನೋಡಿದಳು. "ಅಂದ್ರೆ ನಾನು ನಿಮ್ಮನ್ನ ಗುದ್ದಿದ್ದು ಹೀಗೇನಾ?"

"ಹೀಗೇ."

"ಏನು ಹೀಗೇ?" ಎಂಬ ಮೂರನೆಯ ದನಿ ಕೇಳಿಸಿತು.

ಅಂಗಳದ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ತಮ್ಮನನ್ನು ಕರೆದೊಯ್ಯಲು ಕನ್ನಡಕದಂಗಡಿಗೆ ಹೋಗಿ, ಅಲ್ಲಿದ್ದವರು ಹೇಳಿದ್ದು ಕೇಳಿ ಇಲ್ಲಿಗೆ ಬಂದಿದ್ದಳು. ಅವಳು ಒಡೆದ ದೀಪವನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಕೂಗಾಡುತ್ತಾಳೆ ಎಂದು ಅವನು ಹೆದರಿದ. ಅಕ್ಕ ಕೂಗಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

"ನೀನಾ?" ಎಂದಳು ಮೆಲ್ಲಗೆ. "ನಿನ್ನ ತಬ್ಕೊಂಡೆನಲ್ಲೇ ನಾನು. ದೇವರು ಅಂದೆ."

ಹುಡುಗಿ ಕಾರಿನಿಂದ ಇಳಿಯುವಷ್ಟರಲ್ಲಿ ಅಕ್ಕ ತಿರುಗಿ ಹೊರಟುಹೋಗಿದ್ದಳು.

*

ಆಮೇಲೆ ಹುಡುಗಿ ಬರಲಿಲ್ಲ. ಫೋನ್ ಮಾಡಿದರೆ, "ಅಕ್ಕನ ಮುಖ ನೋಡೋ ಧೈರ್ಯ ಇಲ್ಲ, ಬಿಟ್ಬಿಡಿ," ಎಂದಳು.

ಮನೆಯಲ್ಲಿ ಹಿಟ್ಟಿನ ಡಬ್ಬ ಇಟ್ಟರೂ ಸದ್ದು, ಎತ್ತಿದರೂ ಸದ್ದು. ಮಾತು ಮಾತ್ರ ಇಲ್ಲ. ಟವೆಲು ಮಡಿಕೆ ಬಿಚ್ಚದೆ ಮೂಲೆ ಸೇರಿತು. ಭಾವ ಖಾಲಿ ತಟ್ಟೆ ನೋಡಿ ನಿಟ್ಟುಸಿರು ಬಿಟ್ಟು, "ಅಲ್ವೇ, ಆ ಹುಡುಗಿ ಪೊಲೀಸರ ಹತ್ರ ಆವತ್ತೇ ಒಪ್ಕೊಂಡಿದ್ಲು ಕಣೇ," ಎಂದುಬಿಟ್ಟರು.

"ನಿಮಗೆ ಹೇಗ್ ಗೊತ್ತು?"

"ಆಸ್ಪತ್ರೇಲಿ ಪೊಲೀಸಿನವನೇ ಹೇಳಿದ್ದ."

"ಗೊತ್ತಿದ್ದೂ ಸುಮ್ನಿದ್ರಾ?"

"ಹೇಳೋಣ ಅಂತಿದ್ದೆ. ಅಷ್ಟ್ರಲ್ಲಿ ಕೇಕಿನ ಡಬ್ಬ ತೆಗೆದೆ."

ಅಂದಿನಿಂದ ಗಂಡಸರಿಬ್ಬರಿಗೂ ಊಟಕ್ಕೆ ಒಣ ಬ್ರೆಡ್ಡು.

ಬೈಕು ರಿಪೇರಿಯಾಗಿ ಬಂತು. ಕಾಲು ಗಟ್ಟಿಯಾಗಿದೆ, ಓಡಿಸಬಹುದು ಎಂದು ಡಾಕ್ಟರೂ ಹೇಳಿದರು. ಅವನು ಕೆಳಗಿಳಿದು ಅದರ ಮೇಲೆ ಕುಳಿತ. ಬೀಗದ ಕೈ ತಿರುಗಿಸಲಾಗಲಿಲ್ಲ. ಅದನ್ನು ಕಿತ್ತು ಮತ್ತೆ ಜೇಬಿಗಿಳಿಸಿದ. ತಲೆಯೆತ್ತಿದರೆ ಮೂರನೇ ಮಹಡಿಯ ಕಿಟಕಿಯಲ್ಲಿ ಅಕ್ಕ.

ಅವನು ಮೇಲೆ ಬಂದಾಗ ಅಕ್ಕ ತಾನಾಗಿಯೇ ಮಾತಾಡಿದಳು. "ಆಪರೇಷನ್ನಿಗೆ ಸಹಿ ಹಾಕುವಾಗ ನನ್ನ ಹೆಸರೇ ಮರೆತುಹೋಗಿತ್ತು ಕಣೋ ಪುಟ್ಟ. ಅಮ್ಮನಿಗೆ ಫೋನ್ ಮಾಡಿ ಏನು ಹೇಳ್ಲಿ, ಅದೊಂದೇ ಯೋಚನೆ. ಆ ಭಯನೆಲ್ಲ ಯಾರ ಮೇಲಾದ್ರೂ ಹಾಕಬೇಕಿತ್ತು. ಮುಖ ಇಲ್ಲದ ಒಬ್ಬ ಡ್ರೈವರ್ ಸಿಕ್ಕಿದ್ದ, ಅವನ ಮೇಲೆ ಹಾಕ್ತಿದ್ದೆ. ಈಗ ಅವನಿಗೆ ಅವಳ ಮುಖ ಬಂದ್ಬಿಟ್ಟಿದೆ. ಬೈಯಕ್ಕೂ ಆಗಲ್ಲ, ಬಿಡಕ್ಕೂ ಆಗಲ್ಲ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಹುಡುಗಿ. ಈ ಸಲ ಕೈಯಲ್ಲಿ ಡಬ್ಬ ಇರಲಿಲ್ಲ.

"ಅಕ್ಕಾ, ಕೇಕ್ ತಂದಿಲ್ಲ. ಲಂಚ ಅನ್ನಿಸಬಾರದು ಅಂತ," ಎಂದಳು ಹೊಸ್ತಿಲಾಚೆಯೇ ನಿಂತು. "ಗುದ್ದಿದ್ದು ನಾನು. ಮೊದಲನೇ ದಿನವೇ ನನ್ನ ಬಾಯಿಂದ ಹೇಳಬೇಕಿತ್ತು. ಇವರು ನನ್ನ ಉಳಿಸಕ್ಕೆ ಹೋದ್ರು, ನಾನೂ ಉಳ್ಕೊಂಡ್ಬಿಟ್ಟೆ. ನೀವು ತಬ್ಕೊಂಡಾಗ್ಲೆಲ್ಲ ಕಳ್ಳಿ ಥರ ಅನ್ನಿಸ್ತಿತ್ತು. ಬೈದುಬಿಡಿ."

ಹಿಂದಿನಿಂದ ಭಾವ ಖಾಲಿ ಕೈ ನೋಡಿ ಮುಖ ಸಣ್ಣದು ಮಾಡಿದರು.

ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು. "ನಡಿ, ನಿನ್ನ ಅಂಗಡಿಗೆ. ಕಾರು ತೆಗಿ. ನೀನು ಹೇಗೆ ಓಡಿಸ್ತೀಯ ನಾನು ನೋಡ್ಬೇಕು."

"ನಾನು ಓಡಿಸೋದು ಬಿಟ್ಟು—"

"ಅದಕ್ಕೇ."

ಅವನೂ ಭಾವನೂ ಕಿಟಕಿಗೆ ಮೂಗು ಅಂಟಿಸಿ ಕಾದರು. ಕೊನೆಗೂ ಕಾರು ಬೀದಿಯ ತುದಿಯಲ್ಲಿ ಕಾಣಿಸಿತು, ಹಿಂದೆ ಐದಾರು ವಾಹನಗಳ ಮೆರವಣಿಗೆ. ತೆರೆದ ಕಿಟಕಿಯಿಂದ ಅಕ್ಕನ ದನಿ ಮೂರನೇ ಮಹಡಿಗೂ ಕೇಳುತ್ತಿತ್ತು. "ಬೈಕು! ಬೈಕು ಬಂತು! ಬಗ್ಗು, ಬಗ್ಗಿ ನೋಡು!"

"ಅದು ಕಸದ ಡಬ್ಬ ಅಕ್ಕಾ!"

"ಡಬ್ಬ ಆದ್ರೇನು, ನೋಡ್ಬೇಕು!"

ಮೆಟ್ಟಿಲು ಹತ್ತಿ ಬಂದಾಗ ಇಬ್ಬರ ಗಂಟಲೂ ಬಿದ್ದುಹೋಗಿತ್ತು. ಹುಡುಗಿಯ ಮುಖ ಬೆವರಿನಿಂದ ಹೊಳೆಯುತ್ತಿತ್ತು, ಕಣ್ಣಲ್ಲಿ ಎಷ್ಟೋ ದಿನದಿಂದ ಇಲ್ಲದ ಒಂದು ಬೆಳಕು. ಅಕ್ಕ ಸೋಫಾದ ಮೇಲೆ ಕುಸಿದು ಗಂಡನಿಗೆ, "ರೀ, ನೀವು ಓಡಿಸೋದಕ್ಕಿಂತ ವಾಸಿ," ಎಂದಳು. ಆಮೇಲೆ ಹುಡುಗಿಯತ್ತ ತಿರುಗಿದಳು. "ಊಟ ಮಾಡ್ಕೊಂಡು ಹೋಗು. ನಾಳೆ ಬರೋವಾಗ ಕೇಕ್ ತಾ. ಇವರು ಸೊರಗಿ ಹೋಗಿದಾರೆ."

*

ಅವನ ಸರದಿ ಒಂದು ಭಾನುವಾರ ಬೆಳಿಗ್ಗೆ ಬಂತು. ಕಪ್ಪು ಜಾಕೆಟ್ಟಿಗೆ ಅಕ್ಕ ಬೆನ್ನು, ತೋಳು, ಭುಜ ಎಲ್ಲೆಡೆ ಬೆಳಕು ಬಿದ್ದರೆ ಮಿನುಗುವ ಪಟ್ಟಿ ಹೊಲಿದಿದ್ದಳು. ಒಳಗಡೆಯೂ ಒಂದು ಪಟ್ಟಿ ಇತ್ತು. "ಒಳಗೆ ಯಾರಿಗೆ ಕಾಣತ್ತೆ ಅಕ್ಕಾ?" ಎಂದರೆ, "ಗಾಳಿಗೆ ಹಾರಿದ್ರೆ?" ಎಂದಳು. ಹೊಸ ಹೆಲ್ಮೆಟ್ಟು, ಕಣಕಾಲು ಮುಚ್ಚುವ ಬೂಟು, ಕೈಗವಸು. ಕನ್ನಡಿಯಲ್ಲಿ ನೋಡಿಕೊಂಡರೆ ಪ್ರೇಮಿಯಂತೆ ಕಾಣಲಿಲ್ಲ, ರಸ್ತೆ ಅಗೆಯುವ ಕಡೆ ನಿಲ್ಲಿಸುವ ಎಚ್ಚರಿಕೆಯ ಫಲಕದಂತೆ ಕಂಡ.

ಕೆಳಗೆ ಹುಡುಗಿ ಕಾರಿನಲ್ಲಿ ಕಾಯುತ್ತಿದ್ದಳು. ಪಕ್ಕದಲ್ಲಿ ಅಕ್ಕ, ಹಿಂದೆ ಭಾವ.

"ಭಯ ಆದ್ರೆ ನಿಲ್ಲಿಸಿ," ಎಂದಳು ಅವಳು. "ನಾನು ಹಿಂದೇನೇ ಇರ್ತೀನಿ. ದೂರ ಬಿಟ್ಕೊಂಡು."

ಅವಳ ದೃಷ್ಟಿ ಅವನ ಪಟ್ಟಿಗಳ ಮೇಲೆಲ್ಲ ಹರಿದಾಡಿ ಮುಖಕ್ಕೆ ಬಂದು ನಿಂತಿತು. ನಗಬಾರದೆಂದು ತುಟಿ ಕಚ್ಚಿಕೊಂಡಳು. ಆ ನೋಟ ನೋಡಿದ ಮೇಲೆ ಬೀಗದ ಕೈ ತಿರುಗಿತು.

ಮೊದಲ ಬೀದಿ ಮುಗಿಯುವವರೆಗೆ ಹಲ್ಲು ಕಚ್ಚಿ ಹೋದ. ಎರಡನೆಯದರಲ್ಲಿ ಭುಜ ಸಡಿಲವಾಯಿತು. ಮೂರನೆಯದರಲ್ಲಿ ಗಾಳಿಯ ಪರಿಚಯ ಮತ್ತೆ ಆಯಿತು. ಕೂಡುರಸ್ತೆ ಬಂದಾಗಲೆಲ್ಲ ನಿಧಾನಿಸಿದ, ಅತ್ತ ಇತ್ತ ನೋಡಿದ, ಕನ್ನಡಿಯಲ್ಲಿ ಹಿಂದೆ ನೋಡಿದ. ಅವಳು ಅಲ್ಲೇ ಇದ್ದಳು. ಸ್ಟಿಯರಿಂಗನ್ನು ಎರಡು ಕೈಯಲ್ಲೂ ಬಿಗಿಹಿಡಿದು, ಮುಂದಕ್ಕೆ ಬಗ್ಗಿ, ರಸ್ತೆಯಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬಂತೆ ಅವನನ್ನೇ ಕಾಯುತ್ತ.

ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಅವನು ನಿಲ್ಲಿಸಿದ. ಪಕ್ಕದ ಸಾಲು ಖಾಲಿಯಿತ್ತು, ಅವಳು ಅಲ್ಲಿಗೆ ಬಂದು ನಿಂತು ಕಿಟಕಿ ಇಳಿಸಿದಳು.

"ಹೇಗಿದೆ?"

ಅವನು ಹೆಲ್ಮೆಟ್ಟಿನ ಗಾಜು ಮೇಲೆತ್ತಿದ. ಹೇಳಬೇಕೆಂದು ವಾರಗಳಿಂದ ಜೋಡಿಸಿಟ್ಟಿದ್ದ ಚೆಂದದ ಮಾತುಗಳೆಲ್ಲ ಎಂಜಿನ್ನಿನ ಸದ್ದಿನಲ್ಲಿ ಎಲ್ಲೋ ಬಿದ್ದುಹೋದವು.

"ನೀವಿಲ್ದೆ ನನಗಾಗಲ್ಲ ಕಣ್ರೀ," ಎಂದು ಕೂಗಿದ. "ಬೈಕಿಗಲ್ಲ. ಎಲ್ಲಾದಕ್ಕೂ. ನನ್ನ ಮದುವೆ ಆಗ್ತೀರಾ?"

ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕಿವಿಯ ತುದಿಯಿಂದ ಕೆಂಪೇರುತ್ತ ಬಂತು. ಹಿಂದಿನ ಸೀಟಿನಿಂದ ಭಾವ ತಲೆ ಹಾಕಿದರು. "ಅಲ್ಲಯ್ಯಾ, ಇದನ್ನ ಹೇಳಕ್ಕೆ ಮನೇಲಿ ಸೋಫಾ ಇರಲಿಲ್ವಾ?"

"ನೀವು ಸುಮ್ನಿರಿ!" ಎಂದು ಅಕ್ಕ ಹುಡುಗಿಯ ತೋಳು ತಿವಿದಳು. "ಏನಾದ್ರೂ ಹೇಳೇ, ಹಸಿರು ಬಿತ್ತು!"

ಹಿಂದಿನಿಂದ ಹಾರನ್ನುಗಳು ಕೂಗತೊಡಗಿದವು. ಅವಳು ಗೇರು ಹಾಕಿದಳು. ಕಣ್ಣು ರಸ್ತೆಯಿಂದ ಕದಲಲಿಲ್ಲ. ಆದರೆ ಅವಳ ಕೆನ್ನೆ ಒಳಗಿಂದ ನಗುತ್ತಿತ್ತು.

"ಮೊದ್ಲು ರಸ್ತೆ ನೋಡ್ಕೊಂಡು ಓಡ್ಸೋ!" ಎಂದು ಕೂಗಿದಳು. "ಮನೆಗೆ ಹೋಗಿ ಮಾತಾಡೋಣ!"

ಅವನು ಗಾಜು ಇಳಿಸಿ, ಸೂಚನೆಯ ದೀಪ ಹಾಕಿ, ತಿರುವು ತೆಗೆದುಕೊಂಡ. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಸೇತುವೆ ದಾಟಿದ ಮೇಲೆ ಅವನಿಗೆ ಇದ್ದಕ್ಕಿದ್ದಂತೆ ಕೇಳಿಸಿತು. ಇಷ್ಟು ದಿನ ನೀವು, ನಿಮ್ಮ, ರೀ ಎಂದವಳು ಈಗ 'ಓಡ್ಸೋ' ಎಂದಿದ್ದಳು.

ಕನ್ನಡಿಯಲ್ಲಿ ನೋಡಿದ. ಕಾರಿನೊಳಗೆ ಅಕ್ಕ ಡ್ರೈವರಿನ ಕೆನ್ನೆಗೆ ಮುತ್ತಿಡುತ್ತಿದ್ದಳು, ಡ್ರೈವರ್ ಅವಳನ್ನು ಒಂದು ಕೈಯಲ್ಲಿ ದೂರ ತಳ್ಳುತ್ತ ಮುಂದಿನ ರಸ್ತೆಯನ್ನು ನೋಡುತ್ತಿದ್ದಳು. ಹೆಲ್ಮೆಟ್ಟಿನೊಳಗೆ ಅವನು ಒಬ್ಬನೇ ಜೋರಾಗಿ ನಕ್ಕ, ಆಮೇಲೆ ಮನೆಯ ಕಡೆ ತಿರುಗಿಸಿದ.